‘ಮೋಡ ಕವಿದಿದ್ದಲ್ಲಿ ಕರೆ ಮಾಡಿ’ ಎಂದು ಬರೆಸಿದವರಿಗೆ

ಮಾನ್ಯ ಅನುಮೋದನಾಧಿಕಾರಿಗಳೇ,

ನಿಮ್ಮ ಕಚೇರಿ ಅನುಮೋದಿಸಿದ ಒಂದು ಪದವನ್ನು ನಂಬಿ ನನ್ನ ಅಕ್ಕ ಮೂರು ದಿನ ಹೊಟ್ಟೆಯಲ್ಲಿ ಸೋಂಕು ಇಟ್ಟುಕೊಂಡು ಊರವರ ಬಟ್ಟೆ ಒಗೆದಳು. ಆ ಪದ ‘ಮೋಡ’. ಅದೇ ಪದ, ಅದೇ ಪುಟದಲ್ಲಿ, ಅದೇ ದಪ್ಪ ಅಕ್ಷರದಲ್ಲಿ ನಿಮ್ಮ ಕೈಪಿಡಿಯ ಮೂರನೆಯ ಮುದ್ರಣಕ್ಕೂ ಬಂದಿದೆ. ಬರುವ ಸೋಮವಾರ ಬೆಳಗ್ಗೆ ಹತ್ತಕ್ಕೆ ಅದು ಅಚ್ಚಿಗೆ ಹೋಗುತ್ತದೆ, ಹನ್ನೆರಡು ಸಾವಿರ ಪ್ರತಿ. ನಿಮಗೆ ಖಾಸಗಿಯಾಗಿ ಮೂರು ಸಲ ಬರೆದು ಮೂರು ಸ್ವೀಕೃತಿ ಸಂಖ್ಯೆಗಳನ್ನು ಸಂಪಾದಿಸಿದ್ದೇನೆ. ಸಂಖ್ಯೆಗಳು ಸಾಕಾದವು. ಇನ್ನು ಊರಿಗೆಲ್ಲ ಕೇಳುವಂತೆ ಬರೆಯುವುದೊಂದೇ ಉಳಿದಿರುವ ದಾರಿ.

ಪತ್ರ ಬಹಿರಂಗವಾದ್ದರಿಂದ ಓದುವ ಉಳಿದವರಿಗಾಗಿ ಒಂದೆರಡು ಮಾತು. ನೀವು ಕಡತದಲ್ಲಿ ‘ಗೃಹಾಧಾರಿತ ಉದರ ಶೋಧನಾ ಚಿಕಿತ್ಸೆ’ ಎಂದು ಕರೆಯುವುದನ್ನು ಜನ ಹೊಟ್ಟೆ ಡಯಾಲಿಸಿಸ್ ಎನ್ನುತ್ತಾರೆ. ಮೂತ್ರಪಿಂಡ ಕೈಕೊಟ್ಟವರ ಹೊಟ್ಟೆಗೆ, ಹೊಕ್ಕುಳಿನ ಪಕ್ಕ, ಮೆತ್ತನೆಯ ಒಂದು ಪೈಪು ಕೂರಿಸಿರುತ್ತಾರೆ. ದಿನಕ್ಕೆ ನಾಲ್ಕು ಸಲ ಒಳಗಿನ ಹಳೆಯ ದ್ರವವನ್ನು ಒಂದು ಚೀಲಕ್ಕೆ ಇಳಿಸಿ, ಇನ್ನೊಂದು ಚೀಲದಿಂದ ಎರಡು ಲೀಟರ್ ಹೊಸ ದ್ರವವನ್ನು ಏರಿಸಬೇಕು. ಇದಕ್ಕೆ ನಿಮ್ಮ ಕೈಪಿಡಿ ಇಟ್ಟ ಹೆಸರು ‘ವಿನಿಮಯ’. ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರಕ್ಕೆ ಕಟ್ಟುಬೀಳಬೇಕಿಲ್ಲ, ಕೆಲಸ ಬಿಡಬೇಕಿಲ್ಲ. ಅಪಾಯವಿರುವುದು ಹೆಚ್ಚಾಗಿ ಪೈಪನ್ನು ಚೀಲಕ್ಕೆ ಜೋಡಿಸುವ ಆ ಗಳಿಗೆಯಲ್ಲಿ. ಕೈ ತೊಳೆದದ್ದು ಸಾಲದಿದ್ದರೆ, ಎದುರಿಗೆ ಯಾರಾದರೂ ಕೆಮ್ಮಿದರೆ, ಫ್ಯಾನು ತಿರುಗುತ್ತಿದ್ದರೆ, ಪೈಪಿನ ತುದಿ ಬಟ್ಟೆಗೆ ತಾಗಿದರೆ, ಕ್ರಿಮಿ ನೇರ ಹೊಟ್ಟೆಯೊಳಕ್ಕೆ ಇಳಿಯುತ್ತದೆ. ಇಳಿದದ್ದರ ಗುರುತು ಎಷ್ಟೋ ಸಲ ನೋವಿಗಿಂತ ಮೊದಲೇ ಹೊರಬರುವ ದ್ರವದಲ್ಲಿ ಕಾಣುತ್ತದೆ. ತಿಳಿಯಾಗಿ ಬರಬೇಕಾದದ್ದು ಕದಡಿಕೊಂಡು ಬರುತ್ತದೆ. ಅವತ್ತೇ ಆಸ್ಪತ್ರೆಗೆ ಓಡಿದರೆ ಸಾಮಾನ್ಯವಾಗಿ ಔಷಧಿಯಲ್ಲೇ ಹತೋಟಿಗೆ ಬರುತ್ತದೆ. ತಡ ಮಾಡಿದರೆ ಪೈಪು ಹೋಗಬಹುದು, ಜೀವವೂ ಹೋಗಬಹುದು. ಇದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದರಿಂದಲೇ ಆರನೇ ಪುಟದಲ್ಲಿ ದಪ್ಪಕ್ಷರ ಕೊಟ್ಟು ಹೀಗೆ ಬರೆಸಿದ್ದೀರಿ: ‘ವಿನಿಮಯದ ನಂತರ ಪರಿಶೀಲಿಸಿ. ಮೋಡ ಕವಿದಿದ್ದಲ್ಲಿ ವಿಳಂಬಿಸದೆ ಸಹಾಯವಾಣಿಗೆ ಕರೆ ಮಾಡಿ.’

ಯಾವುದೋ ಪರಭಾಷೆಯಲ್ಲಿ ಕದಡಿದ ನೀರಿಗೂ ಮುಗಿಲಿಗೂ ಒಂದೇ ಮಾತಿರಬಹುದು. ಅದು ಆ ಭಾಷೆಯವರ ಪಾಡು. ನಮ್ಮಲ್ಲಿ ನೀರು ಕದಡುತ್ತದೆ, ರಾಡಿಯಾಗುತ್ತದೆ, ಬಗ್ಗಡವಾಗುತ್ತದೆ, ಮಂಕಾಗುತ್ತದೆ. ನೀರಿಗೆ ಮೋಡ ಕವಿದದ್ದನ್ನು ನಿಮ್ಮ ಪಾರಿಭಾಷಿಕ ಪದ ಸಮಿತಿಯನ್ನು ಬಿಟ್ಟರೆ ಬೇರೆ ಯಾರೂ ಕಂಡಿಲ್ಲ. ಸಮಿತಿಯಲ್ಲಿ ಒಂಬತ್ತು ಜನರಿದ್ದಾರೆಂದು ಕೈಪಿಡಿಯ ಎರಡನೇ ಪುಟ ಹೇಳುತ್ತದೆ. ಒಂಬತ್ತು ಜನರಲ್ಲಿ ಒಬ್ಬರಾದರೂ ಮನೆಯಲ್ಲಿ ಒಂದು ಲೋಟ ಕದಡಿದ ನೀರು ಕಂಡಿರಲಿಲ್ಲವೇ? ಕಂಡಾಗ ಅವರು ಮನೆಯವರನ್ನು ಕರೆದು ‘ಇಲ್ಲಿ ಬಾ, ನೀರಿಗೆ ಮೋಡ ಕವಿದಿದೆ’ ಎಂದರೇ?

ಈಗ ನನ್ನ ಅಕ್ಕನ ವಿಷಯ. ಅವಳಿಗೆ ಅರವತ್ತೊಂದು. ಮೂರು ವಸತಿಗೃಹಗಳ ಮತ್ತು ಒಂದು ಹಲ್ಲಿನ ದವಾಖಾನೆಯ ಹಾಸುಬಟ್ಟೆ, ಟವೆಲ್ಲು, ಪರದೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವುದು ಅವಳ ಕಸುಬು. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅವಳಿಗೆ ಹದಿನೇಳು. ನಾನು ನಾಲ್ಕಕ್ಷರ ಕಲಿತದ್ದು ಅವಳು ಹಿಂಡಿದ ಬಟ್ಟೆಯ ದುಡಿಮೆಯಿಂದ. ಭಾವ ಹೋಗಿ ಹನ್ನೊಂದು ವರ್ಷವಾಯಿತು. ನಾನು ಮದುವೆಯಾಗಲಿಲ್ಲ. ಕೆಳಗೆ ಒಗೆಯುವ ಕಲ್ಲು, ತೊಟ್ಟಿ, ಇಸ್ತ್ರಿ ಮೇಜು, ಮೇಲೆ ತಾರಸಿ ತುಂಬ ತಂತಿ, ನಡುವಿನ ಎರಡು ಕೋಣೆಯಲ್ಲಿ ನಾವಿಬ್ಬರು. ನಾನು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನು. ಯಾರಾದರೂ ಬಾಯಲ್ಲಿ ಮಾತಾಡಿದರೂ ಅಲ್ಲಿ ದೀರ್ಘ ಬರಬೇಕಿತ್ತು ಎನ್ನುವ ಚಾಳಿ ನನಗಿರುವುದರಿಂದ ಅಕ್ಕ ನನ್ನನ್ನು ‘ದೀರ್ಘ’ ಎಂದೇ ಕರೆಯುತ್ತಾಳೆ. ಮೂತ್ರಪಿಂಡ ಎರಡೂ ಸೋತವೆಂದು ಡಾಕ್ಟರು ಹೇಳಿದ ದಿನ ನಾನು ಮಂಕಾಗಿ ಕೂತಿದ್ದರೆ ಅವಳು ಕೇಳಿದ್ದು ಒಂದೇ ಪ್ರಶ್ನೆ, ಕೆಲಸ ಬಿಡಬೇಕಾ ಎಂದು. ಹೊಟ್ಟೆ ಡಯಾಲಿಸಿಸ್ ಆದರೆ ಬಿಡಬೇಕಿಲ್ಲ, ಭಾರ ಎತ್ತುವುದನ್ನು ಮಾತ್ರ ಕಡಿಮೆ ಮಾಡಿ ಎಂದರು. ಪೈಪು ಹಾಕಿಸಿಕೊಂಡು ಬಂದವಳು ಅಕ್ಕಪಕ್ಕದವರಿಗೆಲ್ಲ, ‘ಹೊಟ್ಟೆಗೇ ನಲ್ಲಿ ಹಾಕ್ಸ್ಕೊಂಡಿದೀನಿ, ಇನ್ನು ನೀರಿಗೆ ತಾಪತ್ರಯ ಇಲ್ಲ’ ಎಂದು ಹೇಳಿಕೊಂಡು ನಕ್ಕಳು.

ಶುಚಿಯ ವಿಷಯದಲ್ಲಿ ಅವಳಿಗೆ ಪಾಠ ಬೇಕಿರಲಿಲ್ಲ. ಆದರೂ ಆಸ್ಪತ್ರೆಯಲ್ಲಿ ಏಳು ದಿನದ ತರಬೇತಿ ಎಂದಿತ್ತು. ಕಲಿಸಲು ಒಬ್ಬ ನರ್ಸಮ್ಮ ಇದ್ದರು. ಮೊದಲ ದಿನ ಕೈ ತೊಳೆಯುವುದು. ಎರಡನೇ ದಿನ ಜೋಡಿಸುವುದು, ಬಿಡಿಸುವುದು. ಮೂರನೇ ದಿನ ಅವರನ್ನು ಅಂಕಿಅಂಶ ವಿಭಾಗಕ್ಕೆ ವರ್ಗ ಮಾಡಿದ್ದೀರಿ. ಪೈಪಿನ ತುದಿಯಲ್ಲಿರುವ ಒಂದು ಸಣ್ಣ ಜೋಡಣೆಗೆ ನಿಮ್ಮ ಕೈಪಿಡಿ ‘ವರ್ಗಾವಣೆ ಸೆಟ್’ ಎಂದು ಹೆಸರಿಟ್ಟಿದೆ, ಆರು ತಿಂಗಳಿಗೊಮ್ಮೆ ತರಬೇತಿ ಪಡೆದ ನರ್ಸ್ ಅದನ್ನು ಬದಲಿಸಬೇಕು ಎಂದೂ ಹೇಳಿದೆ. ಸೆಟ್ಟು ಅಲ್ಲೇ ಇದೆ, ವರ್ಗಾವಣೆಯಾದದ್ದು ನರ್ಸಮ್ಮ. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಬಂದದ್ದು ಕೈಪಿಡಿ. ಉಳಿದ ವಿವರಗಳನ್ನು ಇದರಲ್ಲಿ ನೋಡಿಕೊಳ್ಳಿ ಎಂದು ಕೈಗೆ ಕೊಟ್ಟು, ತರಬೇತಿ ಪೂರ್ಣಗೊಂಡಿದೆ ಎಂದು ಸಹಿ ಹಾಕಿಸಿಕೊಂಡು ಮನೆಗೆ ಕಳಿಸಿದರು. ಇಳಿಸಿದ ಚೀಲವನ್ನು ಪರೀಕ್ಷಿಸುವುದು ನಾಲ್ಕನೇ ದಿನದ ಪಾಠವಾಗಿತ್ತೆಂದು ಆಮೇಲೆ ತಿಳಿಯಿತು.

ರೋಗಿ ಸರಿಯಾಗಿ ಓದಿಲ್ಲ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಅಕ್ಕ ಓದಿದಳು. ಬೆರಳಿಟ್ಟು, ತುಟಿ ಆಡಿಸಿಕೊಂಡು, ಒಂದೊಂದು ಪುಟವನ್ನು ಎರಡೆರಡು ಸಲ ಓದಿದಳು. ವಿನಿಮಯ ಮಾಡುವಾಗ ಕಿಟಕಿ ಬಾಗಿಲು ಮುಚ್ಚಿರಬೇಕು ಎಂದು ಮೂರನೇ ಪುಟದಲ್ಲಿದೆ, ಮುಚ್ಚಿದಳು. ವಿನಿಮಯದ ನಂತರ ಪರಿಶೀಲಿಸಿ ಎಂದು ಆರನೇ ಪುಟದಲ್ಲಿದೆ. ಹಾಗಾಗಿ ಮುಗಿದ ಮೇಲೆ ಕಿಟಕಿ ತೆರೆದು, ಕತ್ತು ಹೊರಚಾಚಿ ಆಕಾಶ ನೋಡಿ, ನೀವು ಕೊಟ್ಟ ದಿನಚರಿ ಪುಸ್ತಕದ ಕೊನೆಯ ಅಂಕಣದಲ್ಲಿ ‘ಮೋಡ: ಇದೆ / ಇಲ್ಲ’ ಎಂಬಲ್ಲಿ ಗುರುತು ಹಾಕಿದಳು. ನಗು ಬಂದರೆ ತಡೆದುಕೊಳ್ಳಿ. ನಲವತ್ತು ವರ್ಷದಿಂದ ಬೆಳಗ್ಗೆ ಎದ್ದ ತಕ್ಷಣ ಅವಳು ಮಾಡುವ ಮೊದಲ ಕೆಲಸವೇ ಆಕಾಶ ನೋಡುವುದು. ಹಾಸುಬಟ್ಟೆ ಒಣಗುತ್ತದೋ ಇಲ್ಲವೋ ಎಂಬುದರ ಮೇಲೆ ಅವಳ ದಿನ ನಿಂತಿದೆ. ನಿಮ್ಮ ಇಡೀ ಕೈಪಿಡಿಯಲ್ಲಿ ಅವಳಿಗೆ ಒಂದು ಚೂರೂ ಅನುಮಾನ ಬಾರದ ಸಾಲು ಅದೊಂದೇ. ಎಲ್ಲ ಮುಗಿದ ಮೇಲೆ ನಾನು ಕೇಳಿದಾಗ ಅವಳು ಹೇಳಿದ್ದನ್ನು ಹಾಗೇ ಕೊಡುತ್ತೇನೆ: ‘ಮೋಡ ಇದ್ದ ದಿನ ಒಗೆದ ಬೆಡ್‌ಶೀಟೇ ಮುಗ್ಗಲು ನಾತ ಹಿಡಿಯುತ್ತೆ. ಹೊಟ್ಟೇಲಿ ಎರಡು ಲೀಟರ್ ನೀರು ಇಟ್ಕೊಂಡು ಓಡಾಡೋಳಿಗೆ ಏನೂ ಆಗಲ್ವಾ? ಬರೆದೋರು ತಿಳಿದೋರು, ಎಲ್ಲಾ ಯೋಚ್ನೆ ಮಾಡೇ ಬರೆದಿರ್ತಾರೆ ಅಂದ್ಕೊಂಡೆ.’ ನಿಮ್ಮ ಮೇಲೆ ಇಷ್ಟೊಂದು ಗೌರವ ಇಟ್ಟುಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗಾದರೆ ಮನೆಯಲ್ಲೇ ಇದ್ದ ತಮ್ಮ ಏನು ಮಾಡುತ್ತಿದ್ದ ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ಚೀಲ ಬದಲಿಸುವಾಗ ಅವಳು ನನ್ನನ್ನು ಕೋಣೆಯೊಳಕ್ಕೆ ಬಿಡುತ್ತಿರಲಿಲ್ಲ. ಅಚ್ಚಿನ ಮನೆಯ ಧೂಳು ಹೊತ್ತುಕೊಂಡು ಬರ್ತೀಯ, ಹೊರಗಿರು ಎನ್ನುತ್ತಿದ್ದಳು. ಆದರೆ ಸಂಜೆ ಕೆಲಸದಿಂದ ಬಂದ ಮೇಲೆ ನಾನು ತಪ್ಪದೆ ದಿನಚರಿ ನೋಡುತ್ತಿದ್ದೆ. ‘ಇವತ್ತೂ ಮೋಡ ಇಲ್ಲ’ ಎಂದು ಅವಳು ಹೇಳುತ್ತಿದ್ದಳು. ‘ಒಳ್ಳೇದಾಯ್ತು’ ಎಂದು ನಾನು ಹೇಳುತ್ತಿದ್ದೆ. ನಿಮ್ಮಂಥವರ ಕನ್ನಡವನ್ನು ಇಪ್ಪತ್ತೆಂಟು ವರ್ಷ ತಿದ್ದಿ ತಿದ್ದಿ ನನಗೆ ಅದು ಅಭ್ಯಾಸವಾಗಿಬಿಟ್ಟಿದೆ. ಮೋಡ ಎಂದರೆ ಚೀಲದ ಕದಡು ಎಂದು ನನ್ನ ತಲೆ ತಾನಾಗಿ ಅನುವಾದ ಮಾಡಿಕೊಂಡಿತ್ತು. ಒಂದೇ ಪದವನ್ನು ಅವಳು ಕಿಟಕಿಯ ಹೊರಗೆ ಇಟ್ಟುಕೊಂಡು, ನಾನು ಚೀಲದೊಳಗೆ ಇಟ್ಟುಕೊಂಡು, ಎರಡು ತಿಂಗಳು ದಿನಾ ಸಂಜೆ ಮಾತಾಡಿದೆವು. ಇಬ್ಬರಿಗೂ ಸಮಾಧಾನವಾಗಿತ್ತು.

ನಡುವೆ ಒಮ್ಮೆ ನಿಜವಾಗಿ ಮೋಡ ಕವಿಯಿತು, ಆಕಾಶದಲ್ಲಿ. ಅಕ್ಕ ವಿಳಂಬಿಸದೆ ಸಹಾಯವಾಣಿಗೆ ಕರೆ ಮಾಡಿದಳು. ಮೋಡ ಇದೆ ಎಂದಳು. ಯಾವಾಗಿಂದ ಎಂದು ಆ ಕಡೆಯವರು ಕೇಳಿದರು. ಬೆಳಗ್ಗೆಯಿಂದ ಎಂದಳು. ದಟ್ಟವಾಗಿದೆಯೇ ಎಂದರು. ಸುಮಾರಾಗಿದೆ ಎಂದಳು. ಚೀಲ ತೆಗೆದುಕೊಂಡು ಕೂಡಲೇ ಬನ್ನಿ ಎಂದರು. ಒಗೆದ ಬಟ್ಟೆಯನ್ನು ತೊಟ್ಟಿಯಲ್ಲೇ ಬಿಟ್ಟು, ಚೀಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಹೋದಳು. ಅಲ್ಲಿನವರು ಚೀಲವನ್ನು ಬೆಳಕಿಗೆ ಹಿಡಿದರು. ಶುದ್ಧ ತಿಳಿ. ಎಲ್ಲಿದೆಯಮ್ಮಾ ಮೋಡ ಎಂದು ರೇಗಿದರು. ಅಕ್ಕ ಕಿಟಕಿಯತ್ತ ನೋಡಿದಳು, ಅಷ್ಟರಲ್ಲಿ ಬಿಸಿಲು ಬಂದಿತ್ತು. ‘ಆಗ ಇತ್ತು, ಈಗ ಚದುರಿದೆ’ ಎಂದಳು. ಚೀಲದೊಳಗಿನದು ಹಾಗೆಲ್ಲ ಚದುರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ಆದರೆ ಅವಳು ಏನನ್ನು ಹೇಳುತ್ತಿದ್ದಾಳೆ ಎಂದು ಕೇಳುವ ಪುರುಸೊತ್ತಿರಲಿಲ್ಲ. ಸುಮ್ಮಸುಮ್ಮನೆ ಕರೆ ಮಾಡಬೇಡಿ, ನಿಮ್ಮೊಬ್ಬರಿಗೇ ಅಲ್ಲ ನಾವಿರುವುದು ಎಂದು ಬೈದು ಕಳಿಸಿದರು. ‘ರೋಗಿಗೆ ಅತಿ ಆತಂಕ. ತಿಳಿಹೇಳಲಾಗಿದೆ’ ಎಂದು ಅವತ್ತು ಅವಳ ಕಡತದಲ್ಲಿ ಬರೆದಿದ್ದಾರೆ. ಏನನ್ನು ತಿಳಿಹೇಳಲಾಯಿತು ಎಂದು ನಿಮ್ಮ ಕಚೇರಿ ವಿಚಾರಿಸಿದರೆ ನನಗೂ ತಿಳಿಸಿ. ಅಕ್ಕ ಮಾತ್ರ ಮನೆಗೆ ಬಂದು, ಇನ್ನು ಮೇಲೆ ಮಳೆ ಬರುವಷ್ಟು ಕಟ್ಟಿದರೆ ಮಾತ್ರ ಫೋನ್ ಮಾಡುವುದು ಎಂದು ತೀರ್ಮಾನಿಸಿದಳು. ನನಗೆ ಈ ಪ್ರಯಾಣದ ಸುದ್ದಿಯನ್ನೇ ಹೇಳಲಿಲ್ಲ, ಬೈಸಿಕೊಂಡದ್ದಕ್ಕೆ ಅವಮಾನವಾಗಿತ್ತು. ದಿನಚರಿಯಲ್ಲೂ ಅವತ್ತು ‘ಇಲ್ಲ’ ಎಂದೇ ಗುರುತು ಹಾಕಿಟ್ಟಳು.

ಇದಾದ ಮೂರು ವಾರಕ್ಕೆ ಅದು ಶುರುವಾಯಿತು. ಮೊದಲ ದಿನ ಇಳಿಸಿದ ಚೀಲ ಸ್ವಲ್ಪ ಮಂಕಾಗಿತ್ತಂತೆ. ಅವಳು ಕೈಪಿಡಿ ತೆಗೆದು ಹುಡುಕಿದಳು. ‘ಹೊರಚೀಲದಲ್ಲಿ ಬಿಳಿ ನೂಲಿನಂತಹ ಅಂಶ ಕಂಡುಬಂದಲ್ಲಿ ಗಾಬರಿಗೊಳ್ಳಬೇಕಾಗಿಲ್ಲ’ ಎಂಬ ಸಾಲು ಸಿಕ್ಕಿತು. ಬಿಳಿ ಎಂದಿದೆಯಲ್ಲ, ಇದೂ ಬಿಳಿಯೇ, ಗಾಬರಿ ಬೇಡ ಎಂದಿದ್ದಾರೆ ಎಂದುಕೊಂಡಳು. ಕಿಟಕಿ ತೆರೆದಳು. ಆಕಾಶದಲ್ಲಿ ಒಂದು ತುಣುಕೂ ಇರಲಿಲ್ಲ. ‘ಇಲ್ಲ’ ಎಂದು ಗುರುತು ಹಾಕಿದಳು. ಎರಡನೇ ದಿನ ಚೀಲ ಬಟ್ಟೆಗೆ ಹಾಕುವ ಗಂಜಿ ನೀರಿನ ಹಾಗೆ ಬಂತು. ಬಿಸಿಲು ಸುಡುತ್ತಿತ್ತು. ಇಲ್ಲ, ಇಲ್ಲ, ಇಲ್ಲ, ಇಲ್ಲ, ನಾಲ್ಕು ಗುರುತು. ಅವತ್ತು ಸಂಜೆ ನಾನು ಆ ಪುಟ ನೋಡಿದ್ದೇನೆ, ಮಾನ್ಯರೇ. ನೋಡಿ, ಪುಸ್ತಕ ಮುಚ್ಚಿ, ಚಹಾ ಕುಡಿದೆ. ಅವಳು ಊಟ ಬೇಡ ಎಂದಾಗ ಬಿಸಿಲಿಗೆ ಸುಸ್ತಾಗಿರಬೇಕು ಎಂದುಕೊಂಡೆ.

ಮೂರನೇ ದಿನ ಮಧ್ಯಾಹ್ನ ಬಟ್ಟೆ ಒಯ್ಯಲು ಬಂದ ವಸತಿಗೃಹದ ಮ್ಯಾನೇಜರು ಅಚ್ಚಿನ ಮನೆಗೆ ಫೋನ್ ಮಾಡಿದರು. ನಿಮ್ಮಕ್ಕ ತಾರಸಿ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಾರೆ, ಮಾತಾಡುತ್ತಿಲ್ಲ, ಬೇಗ ಬನ್ನಿ ಎಂದರು. ನಾನು ಹೋಗುವ ಹೊತ್ತಿಗೆ ಅವಳ ಮೈ ಕಾದ ಇಸ್ತ್ರಿಯ ಹಾಗೆ ಸುಡುತ್ತಿತ್ತು, ಪಕ್ಕದಲ್ಲಿ ಹಿಂಡಿದ ಹಾಸುಬಟ್ಟೆಯ ಬಕೆಟ್ಟು ಹಾಗೇ ಇತ್ತು. ಸಹಾಯವಾಣಿಗೆ ನಾನೇ ಕರೆ ಮಾಡಿದೆ. ಆ ಕಡೆಯ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆ ಮೋಡ ಇದೆಯೇ ಎಂದು. ನಾನು ಫೋನು ಕಿವಿಯಲ್ಲಿಟ್ಟುಕೊಂಡೇ ಕೇಳಿದೆ.

‘ಅಕ್ಕಾ, ಮೋಡ ಇದೆಯಾ?’

‘ಎಲ್ಲಿ ಮೋಡ ಬಂತೋ ದೀರ್ಘ,’ ಅವಳು ಕಷ್ಟಪಟ್ಟು ತಲೆ ಎತ್ತಿ ಮೇಲೆ ನೋಡಿದಳು, ‘ಬಿಸಿಲು ಹೆಂಗೆ ಹೊಡೀತಿದೆ ನೋಡು. ಆ ಬೆಡ್‌ಶೀಟ್ ಒಣಹಾಕು ಮೊದ್ಲು.’

ಜ್ವರ ತಲೆಗೇರಿದೆ, ಏನೇನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡೆ. ಕೋಣೆಗೆ ಓಡಿ, ಬೆಳಗ್ಗೆ ಇಳಿಸಿಟ್ಟಿದ್ದ ಚೀಲವನ್ನು ಎತ್ತಿದೆ. ಚೀಲದ ಹಿಂದೆ ಹಿಡಿದ ನನ್ನ ಬೆರಳುಗಳು ನನಗೆ ಕಾಣಲಿಲ್ಲ. ಪಕ್ಕದಲ್ಲಿ ದಿನಚರಿ ತೆರೆದಿತ್ತು, ಬೆಳಗಿನ ಅಂಕಣದಲ್ಲಿ ‘ಇಲ್ಲ’ ಎಂದು ಗುರುತಿತ್ತು. ಆಗ ಅರ್ಥವಾಯಿತು. ಆ ಎರಡು ತಿಂಗಳ ಒಂದೊಂದು ಸಂಜೆಯೂ ಏನೆಂದು ಅರ್ಥವಾಯಿತು. ಫೋನಿನಲ್ಲಿದ್ದ ಹೆಣ್ಣುಮಗಳು ‘ಹಲೋ, ಮೋಡ ಇದೆಯಾ ಇಲ್ವಾ ಹೇಳಿ ಸರ್’ ಎಂದು ಕೇಳುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಅಕ್ಕನನ್ನು ಒಳಗೆ ಕರೆದುಕೊಂಡ ಮೇಲೆ ಅಂಕಿಅಂಶ ವಿಭಾಗದಲ್ಲಿದ್ದ ಆ ನರ್ಸಮ್ಮ ಸುದ್ದಿ ಕೇಳಿ ಕೆಳಗಿಳಿದು ಬಂದರು. ನಾನು ಏನಾಯಿತೆಂದು ಹೇಳಿದೆ. ಅವರು ನನ್ನ ಕೈಯಲ್ಲಿದ್ದ ಕೈಪಿಡಿಯನ್ನು ತೆಗೆದುಕೊಂಡು, ಆರನೇ ಪುಟ ಬಿಡಿಸಿ ಮೇಜಿನ ಮೇಲಿಟ್ಟು, ಅದರ ಮೇಲೆ ನಾನು ಮನೆಯಿಂದ ತಂದಿದ್ದ ಚೀಲವನ್ನು ಮಲಗಿಸಿದರು.

‘ಓದಿ ಸರ್,’ ಎಂದರು.

ಏನೂ ಕಾಣಲಿಲ್ಲ. ದಪ್ಪಕ್ಷರವೂ ಕಾಣಲಿಲ್ಲ.

‘ನಾಲ್ಕನೇ ದಿನ ಇದನ್ನೇ ಹೇಳ್ಕೊಡ್ತಿದ್ದೆ,’ ಎಂದರು. ‘ಯಾವ್ದಾದ್ರೂ ಪೇಪರ್ ಮೇಲೆ ಚೀಲ ಇಟ್ಟು ಓದೋದು. ಅಕ್ಷರ ಕಂಡ್ರೆ ಸರಿ, ಕಾಣ್ದಿದ್ರೆ ಬರೋದು. ಎರಡು ನಿಮಿಷದ ಪಾಠ ಸರ್.’

ಅವರು ಚೀಲ ಎತ್ತಿದ ಮೇಲೆ ನಾನು ಕೈಪಿಡಿಯನ್ನು ಹಿಂದುಮುಂದು ತಿರುವುತ್ತ ಕೂತೆ. ಒಳಗೆ ಅಕ್ಕ ನರಳುವುದು ಕೇಳುತ್ತಿತ್ತು, ಕೈಗೆ ಏನಾದರೂ ಕೆಲಸ ಬೇಕಿತ್ತು. ಹಿಂಬದಿಯ ರಕ್ಷಾಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿ ಅಚ್ಚಿನ ಮನೆಯ ಗುರುತು, ಎರಡನೇ ಮುದ್ರಣ, ಅದರ ಪಕ್ಕ ಕರಡು ನೋಡಿದವರ ಸಂಖ್ಯೆ ಇರುತ್ತದೆ. ಅಲ್ಲಿದ್ದದ್ದು ನನ್ನ ಸಂಖ್ಯೆ. ಆ ಕೈಪಿಡಿಯನ್ನು ತಿದ್ದಿದ ನೆನಪೇ ನನಗಿರಲಿಲ್ಲ. ಮಾರನೇ ದಿನ ಅಚ್ಚಿನ ಮನೆಗೆ ಹೋಗಿ ಹಳೆಯ ಕರಡನ್ನು ಹುಡುಕಿ ತೆಗೆದೆ. ಆರನೇ ಪುಟದಲ್ಲಿ ನಾನು ಎರಡು ತಪ್ಪು ತಿದ್ದಿದ್ದೇನೆ. ‘ವಿನಿಮಯ’ದಲ್ಲಿ ಒಂದು ಗುಡಿಸು ಬಿಟ್ಟುಹೋಗಿತ್ತು, ‘ಕವಿದಿದ್ದಲ್ಲಿ’ ಎಂಬಲ್ಲಿ ಒತ್ತು ಇರಲಿಲ್ಲ. ಎರಡನ್ನೂ ಕೆಂಪು ಶಾಯಿಯಲ್ಲಿ ಸರಿಪಡಿಸಿ, ಪುಟದ ಕೆಳಗೆ ‘ತಪ್ಪಿಲ್ಲ’ ಎಂದು ಬರೆದು ಸಹಿ ಹಾಕಿದ್ದೇನೆ. ನಮ್ಮ ಕಸುಬಿನ ರೀತಿಯೇ ಹಾಗೆ. ಮೂಲ ಪ್ರತಿಯಲ್ಲಿದ್ದದ್ದು ಕರಡಿನಲ್ಲಿದೆಯೇ ಎಂದು ನೋಡುವುದು, ಮೂಲ ಏನು ಹೇಳುತ್ತದೆ ಎಂದು ಕೇಳದಿರುವುದು. ಮೂಲದಲ್ಲಿ ನಿಮ್ಮ ಮುದ್ರೆಯಿತ್ತು. ಮುದ್ರೆ ಕಂಡ ಮೇಲೆ ನಾನು ಅರ್ಥದ ತಂಟೆಗೆ ಹೋಗುವವನಲ್ಲ. ಈ ಪತ್ರದಲ್ಲಿ ನಿಮ್ಮನ್ನು ಬೈದದ್ದರಲ್ಲಿ ಅರ್ಧ ನನ್ನ ಪಾಲು ಎಂದು ಓದುಗರು ತಿಳಿಯಬೇಕು. ನಾಚಿಕೆಯಾಗುತ್ತದೆ, ಹೇಳದೆ ಇರಲೂ ಆಗುವುದಿಲ್ಲ.

ಅಕ್ಕ ಬದುಕಿದಳು. ಔಷಧಿ ಶುರುಮಾಡಿ ಐದು ದಿನವಾದರೂ ದ್ರವ ತಿಳಿಯಾಗಲಿಲ್ಲ, ಪೈಪು ತೆಗೆದರು. ಒಳಗಿನ ಪೊರೆ ಅಂಟಿಕೊಂಡಿದೆ, ಇನ್ನೊಂದು ಪೈಪು ಹಾಕಿದರೂ ಕೆಲಸ ಮಾಡುವುದಿಲ್ಲ ಎಂದಿದ್ದಾರೆ. ಈಗ ವಾರಕ್ಕೆ ಮೂರು ದಿನ ಯಂತ್ರ. ಯಂತ್ರದ ದಿನ ಮನೆಗೆ ಬಂದು ಮಲಗಿದರೆ ಮರುದಿನ ಮಧ್ಯಾಹ್ನದವರೆಗೆ ಏಳಲಾರಳು. ವಸತಿಗೃಹಗಳ ಬಟ್ಟೆ ಬೇರೆಯವರಿಗೆ ಹೋಯಿತು. ತಾರಸಿಯಲ್ಲಿ ಈಗ ನಮ್ಮಿಬ್ಬರ ಬಟ್ಟೆ ಮಾತ್ರ ಒಣಗುತ್ತದೆ, ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತದೆ.

ಅವಳು ಅಳುವ ಪೈಕಿಯವಳಲ್ಲ. ಅವಳು ಮಾಡಿದ್ದು ಬೇರೆ. ಒಂದು ಪಾರದರ್ಶಕ ಬಾಟಲಿಗೆ ತೆಳು ಗಂಜಿ ನೀರು, ಇನ್ನೊಂದಕ್ಕೆ ಬರೀ ನೀರು ತುಂಬಿಕೊಂಡು ಯಂತ್ರದ ದಿನ ಆಸ್ಪತ್ರೆಗೆ ಒಯ್ಯುತ್ತಾಳೆ. ಹೊಸದಾಗಿ ಹೊಟ್ಟೆ ಡಯಾಲಿಸಿಸ್ಸಿಗೆ ಬಂದವರು ಹೊರಗಿನ ಬೆಂಚಿನಲ್ಲಿ ನಿಮ್ಮ ಕೈಪಿಡಿ ಹಿಡಿದು ಕೂತಿರುತ್ತಾರೆ. ಅವರ ಪಕ್ಕ ಕೂತು ಎರಡೂ ಬಾಟಲಿಯನ್ನು ಕೈಪಿಡಿಯ ಮುಂದೆ ಹಿಡಿದು, ‘ಹಿಂಗೆ ಕಂಡ್ರೆ ಮನೇಲಿರಿ, ಹಿಂಗಾದ್ರೆ ಬಿದ್ದಂಬೀಳ ಓಡಿ ಬನ್ನಿ, ಮೇಲೆಲ್ಲೂ ನೋಡ್ಬೇಡಿ’ ಎನ್ನುತ್ತಾಳೆ. ಅವಳ ಜೊತೆ ಹೋದ ದಿನಗಳಲ್ಲಿ ನಾನು ಆ ಬೆಂಚಿನವರನ್ನು ಕೇಳಿದೆ, ಆರನೇ ಪುಟದ ಸಾಲು ಓದಿ ನಿಮಗೇನು ಅನಿಸಿತು ಎಂದು. ಹನ್ನೊಂದು ಜನರಲ್ಲಿ ನಾಲ್ವರು ಆಕಾಶ ನೋಡುವವರು. ಮೋಡವಿದ್ದರೆ ಆಂಬುಲೆನ್ಸ್ ಬರುವುದು ತಡವಾಗುತ್ತದೆ, ಅದಕ್ಕೇ ಮೊದಲೇ ತಿಳಿಸಿ ಎಂದಿರಬೇಕು ಎಂದು ಒಬ್ಬ ಲಾರಿ ಚಾಲಕ ನಿಮ್ಮ ಪರವಾಗಿ ವಾದಿಸಿದ. ಪೈಪು ಹೊರಬರುವ ರಂಧ್ರಕ್ಕೆ ನೀವಿಟ್ಟ ‘ನಿರ್ಗಮನ ಸ್ಥಳ’ ಎಂಬ ಹೆಸರು ಓದಿ ದಿನಾ ಮನೆಯ ಹೊಸ್ತಿಲನ್ನು ಸೋಪು ಹಾಕಿ ತೊಳೆಯುತ್ತಿದ್ದ ಒಬ್ಬ ಅಜ್ಜಿಯೂ ಅಲ್ಲಿದ್ದರು. ಅವರ ಹೊಸ್ತಿಲು ಚೆನ್ನಾಗಿದೆ, ಹೊಟ್ಟೆಯ ರಂಧ್ರ ಕೆಂಪಗಾಗಿದೆ.

ಇದಕ್ಕೆ ನಿಮ್ಮ ಕಚೇರಿ ಏನು ಮಾಡಿತು? ನನ್ನ ಮೂರನೇ ಪತ್ರಕ್ಕೆ ಉತ್ತರ ಬಂತು. ‘ಸದರಿ ಪದವು ಅನುಮೋದಿತ ಪಾರಿಭಾಷಿಕ ಪಟ್ಟಿಯ ಅನುಸಾರವಿದ್ದು, ರೋಗಿಯು ತಪ್ಪಾಗಿ ಗ್ರಹಿಸಿರುವುದು ಕಂಡುಬಂದಿರುತ್ತದೆ. ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.’ ಕಾಗುಣಿತದಲ್ಲಿ ಒಂದು ತಪ್ಪೂ ಇಲ್ಲದ ಉತ್ತರ. ಕಳೆದ ವಾರ ಇನ್ನೊಂದು ಕಾಗದ ಬಂತು, ಅಕ್ಕನ ಹೆಸರಿಗೆ. ಆಸ್ಪತ್ರೆಯ ಆವರಣದಲ್ಲಿ ಅನಧಿಕೃತ ತರಬೇತಿ ನೀಡುತ್ತಿರುವುದು ಗಮನಕ್ಕೆ ಬಂದಿದೆ, ಬಾಟಲಿಗಳನ್ನು ತರುವುದು ನಿಲ್ಲಿಸತಕ್ಕದ್ದು ಎಂದು ಅದರಲ್ಲಿತ್ತು. ಏಳು ದಿನದ ಅಧಿಕೃತ ತರಬೇತಿಯನ್ನು ಎರಡು ದಿನಕ್ಕೆ ನಿಲ್ಲಿಸಿದವರಿಗೆ ಎರಡು ನಿಮಿಷದ ಅನಧಿಕೃತ ತರಬೇತಿ ಎಷ್ಟು ಬೇಗ ಕಣ್ಣಿಗೆ ಬಿತ್ತು, ನೋಡಿ.

ಮೂರನೇ ಮುದ್ರಣದ ಕರಡು ಈಗ ನನ್ನ ಮೇಜಿನ ಮೇಲಿದೆ. ಆರನೇ ಪುಟದ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಪಕ್ಕದ ಅಂಚಿನಲ್ಲಿ ಬರೆದಿರುವುದು ಇದು: ‘ಇಳಿಸಿದ ಚೀಲವನ್ನು ಈ ಪುಟದ ಮೇಲೆ ಇಟ್ಟು ಓದಿ. ಅಕ್ಷರ ಸರಿಯಾಗಿ ಕಾಣದಿದ್ದರೆ, ಗಂಜಿ ನೀರಿನ ಹಾಗೆ ಕದಡಿದ್ದರೆ, ನೋವಿಲ್ಲದಿದ್ದರೂ, ಆ ಚೀಲ ತೆಗೆದುಕೊಂಡು ಈಗಲೇ ಆಸ್ಪತ್ರೆಗೆ ಬನ್ನಿ.’ ಇಪ್ಪತ್ತೆಂಟು ವರ್ಷದಲ್ಲಿ ಮೂಲ ಪ್ರತಿಯಲ್ಲಿಲ್ಲದ ಮಾತೊಂದನ್ನು ನಾನು ಕರಡಿನಲ್ಲಿ ಬರೆದದ್ದು ಇದೇ ಮೊದಲು. ಅಚ್ಚಿನ ಮನೆಯ ಯಜಮಾನರು ಕೆಟ್ಟವರಲ್ಲ. ಕಚೇರಿಯ ಒಪ್ಪಿಗೆ ಇಲ್ಲದೆ ಒಂದು ಕೊಂಬನ್ನೂ ಬದಲಿಸುವಂತಿಲ್ಲ, ನೀವು ಸಹಿ ಹಾಕದಿದ್ದರೆ ಪಕ್ಕದ ಮೇಜಿನವರು ಹಾಕುತ್ತಾರೆ ಎಂದಿದ್ದಾರೆ. ಪಕ್ಕದ ಮೇಜಿನವರು ನನಗಿಂತ ಚುರುಕು. ಆ ಸಾಲನ್ನು ಅವರು ಹತ್ತು ಸಲ ಓದಿದರೂ ಒಂದು ತಪ್ಪೂ ಸಿಗುವುದಿಲ್ಲ, ನನಗಿರುವ ಭಯ ಅದೇ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸೋಮವಾರ ಹತ್ತು ಗಂಟೆಯೊಳಗೆ ಆ ಸಾಲಿನ ಬದಲಾವಣೆಗೆ ಒಪ್ಪಿಗೆ ಕೊಡಿ. ನನ್ನ ಮಾತುಗಳೇ ಆಗಬೇಕೆಂದಿಲ್ಲ, ಇದಕ್ಕಿಂತ ಚೆನ್ನಾಗಿ ಬರೆಯಬಲ್ಲವರು ಆ ಬೆಂಚಿನ ಮೇಲೆ ಹನ್ನೊಂದು ಜನರಿದ್ದಾರೆ, ಅವರನ್ನು ಕೇಳಿ ಬರೆಯಿರಿ. ನರ್ಸಮ್ಮನನ್ನು ಅಂಕಿಗಳಿಂದ ಬಿಡಿಸಿ ಮನುಷ್ಯರ ಹತ್ತಿರಕ್ಕೆ ವಾಪಸ್ ಕಳಿಸಿ. ಹಳೆಯ ಮುದ್ರಣಗಳು ಹೋಗಿರುವ ಮನೆಗಳಿಗೆ ಯಾರಾದರೂ ಒಂದು ಫೋನ್ ಮಾಡಿ ‘ಚೀಲ ನೋಡಿ, ಆಕಾಶವನ್ನಲ್ಲ’ ಎಂದು ಹೇಳುವ ಏರ್ಪಾಡು ಮಾಡಿ. ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೂ ಯಾವುದೋ ಮನೆಯಲ್ಲಿ ಯಾರೋ ಕಿಟಕಿ ತೆರೆದು ‘ಇಲ್ಲ’ ಎಂದು ಗುರುತು ಹಾಕುತ್ತಿರಬಹುದು.

ನಿಮ್ಮ ಆದೇಶದಂತೆ ಅಕ್ಕ ಬಾಟಲಿ ಒಯ್ಯುವುದನ್ನು ನಿಲ್ಲಿಸಿದ್ದಾಳೆ. ಗಂಜಿ ನೀರಿನ ಬಾಟಲಿಯನ್ನು ಒರೆಸಿ, ಮುಚ್ಚಳ ಬಿಗಿಮಾಡಿ, ‘ಅವರಿಗೇ ಕೊಟ್ಬಿಡು, ಅವರ ಹತ್ರ ಇಲ್ಲ ಅಂತ ಕಾಣುತ್ತೆ’ ಎಂದು ನನ್ನ ಕೈಗೆ ಕೊಟ್ಟಳು. ಈ ಪತ್ರದ ಜೊತೆ ಅದನ್ನು ನಿಮ್ಮ ಕಚೇರಿಗೆ ತಲುಪಿಸುತ್ತಿದ್ದೇನೆ. ನೀವು ಅನುಮೋದಿಸಿದ ಆರನೇ ಪುಟವನ್ನು ಅದರ ಹಿಂದೆ ಹಿಡಿದು ನೋಡಿ. ಓದಲು ಬಂದರೆ ಹಾಗೆಯೇ ಅಚ್ಚು ಹಾಕಿಸಿ.

ಇಂತಿ,
ಒಮ್ಮೆ ‘ತಪ್ಪಿಲ್ಲ’ ಎಂದು ಬರೆದು ಸಹಿ ಹಾಕಿದ,
ಈ ಸಲ ಸಹಿ ಹಾಕಲಾರದ,
ಕರಡು ತಿದ್ದುವವನು